ಮಳೆಯಲ್ಲಿ ಕೆಮ್ಮುತ್ತಿದ್ದ ಮೋಟಾರ್ ಸೈಕಲ್ಲು

ಮದುವೆಯಾಗಿ ನಾನು ಚಾಮರಾಜನಗರಕ್ಕೆ ಬಂದಾಗ ನಮ್ಮ ಯಜಮಾನರ ಬಳಿ ಒಂದು ಮೋಟಾರ್ ಸೈಕಲ್ಲಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳಲ್ಲಿ ಅದೂ ಒಂದು. ಯಾರು ಯಾರದೋ ಕೈ ದಾಟಿ ಕೊನೆಗೆ ಮೈಸೂರಿನಲ್ಲಿ ಇವರ ಕೈಗೆ ಸಿಕ್ಕಿತ್ತು. ಮೇಲೆ ಕಪ್ಪು ಬಣ್ಣ ಬಳಿದಿದ್ದರೂ ಕೆರೆದುಹೋದ ಕಡೆಯಲ್ಲೆಲ್ಲ ಒಳಗಿನ ಹಸಿರು ಕಾಣುತ್ತಿತ್ತು. ಐವತ್ತರ ದಶಕದ ನಡುವಿನ ಮಾತು. ನಮ್ಮ ಬೀದಿಗೆಲ್ಲ ಇದ್ದದ್ದು ಅದೊಂದೇ ಮೋಟಾರ್ ಸೈಕಲ್ಲು. ಅದರ ಸದ್ದು ಕೇಳಿದರೆ ಅಕ್ಕಪಕ್ಕದ ಹೆಂಗಸರು, "ನಿಮ್ಮೋರು ಬಂದ್ರು ನೋಡಮ್ಮ" ಎಂದು ಕೂಗಿ ಹೇಳುತ್ತಿದ್ದರು.

ಇವರು ರೇಷ್ಮೆ ಇಲಾಖೆಯಲ್ಲಿ ಸಣ್ಣದೊಂದು ಕೆಲಸದಲ್ಲಿದ್ದರು. ರೈತರಿಗೆ ಒಳ್ಳೆಯ ರೇಷ್ಮೆ ಮೊಟ್ಟೆ ತಲುಪಿಸುವುದು, ಹುಳು ಸಾಕುವ ಮನೆಗಳಿಗೆ ಹೋಗಿ ಹುಳುಗಳ ಆರೋಗ್ಯ ನೋಡುವುದು, ತೋಟದ ಸೊಪ್ಪು ನೋಡುವುದು, ಹೀಗೆ. ಇವತ್ತು ಚಂದಕವಾಡಿ ಕಡೆಗೆ ಹೋದರೆ ನಾಳೆ ಗುಂಡ್ಲುಪೇಟೆ ಕಡೆಗೆ. ಜನ ಇವರನ್ನು ಇನ್ಸ್‌ಪೆಕ್ಟ್ರು ಎಂದು ಕರೆಯುತ್ತಿದ್ದರು. ಹಾಗೆ ಕರೆಯಬೇಡಿ ಎಂದು ಇವರು ಹೇಳಿ ಹೇಳಿ ಸೋತು ಸುಮ್ಮನಾಗಿದ್ದರು.

ಸುಮ್ಮನಿರುವುದು ಇವರ ಸ್ವಭಾವವೇ ಆಗಿತ್ತು. ನಾನು ಮೈಸೂರಿನಲ್ಲಿ ಒಂದು ಮನೆ ತುಂಬ ಅಕ್ಕತಂಗಿಯರ ನಡುವೆ ಬೆಳೆದವಳು. ಮಾತಿಲ್ಲದ ಮನೆ ನನಗೆ ಗೊತ್ತಿರಲಿಲ್ಲ. ಇವರು ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಹೋಗಿಬರುತ್ತೇನೆ ಎಂದು ಹೊರಟರೆ ಸಂಜೆ ಬಂದು ಊಟ ಮಾಡಿ ಮಲಗುತ್ತಿದ್ದರು. ಗದರಿದವರಲ್ಲ, ಮುಖ ಗಂಟು ಹಾಕಿಕೊಂಡವರಲ್ಲ. ಆದರೂ ಮದುವೆಯಾಗಿ ಐದಾರು ತಿಂಗಳಾದರೂ ಇವರಿಗೆ ನಾನು ಇಷ್ಟವೋ ಇಲ್ಲವೋ ಅನ್ನುವುದೇ ನನಗೆ ತಿಳಿದಿರಲಿಲ್ಲ. ಭಾನುವಾರ ಜಗಲಿಯ ಮೇಲೆ ಹಳೆಯ ಪೇಪರು ಹಾಸಿ, ಗಾಡಿಯ ಸಾಮಾನು ಹರಡಿಕೊಂಡು ಕೂತಾಗ ಮಾತ್ರ ಇವರ ಮುಖದಲ್ಲಿ ಒಂದು ಗೆಲುವು ಕಾಣುತ್ತಿತ್ತು. ಗಾಡಿಯ ಹತ್ತಿರ ಮಾತಾಡುವಷ್ಟೂ ನನ್ನ ಹತ್ತಿರ ಆಡುವುದಿಲ್ಲವಲ್ಲ ಎಂದು ಒಮ್ಮೊಮ್ಮೆ ಬೇಸರವೂ ಆಗುತ್ತಿತ್ತು.

ಆ ವರ್ಷ ಮಳೆ ಹಿಡಿದುಕೊಂಡ ಮೇಲೆ ಗಾಡಿಗೆ ಒಂದು ಕಾಯಿಲೆ ಹತ್ತಿಕೊಂಡಿತು. ಒಣ ದಿನಗಳಲ್ಲಿ ಗುಡುಗುಡು ಎಂದು ಒಂದೇ ಸಮನೆ ಓಡುತ್ತಿದ್ದದ್ದು, ಮಳೆಯಲ್ಲಿ ಹೋಗಿ ಬಂದರೆ ಸಾಕು, ಕೆಮ್ಮಲು ಶುರುಮಾಡುತ್ತಿತ್ತು. ಓಡುತ್ತ ಓಡುತ್ತ ಒಂದು ಏಟು ತಪ್ಪುವುದು, ಮುಗ್ಗರಿಸುವುದು, ಸೈಲೆನ್ಸರಿನಲ್ಲಿ ಪಟಾರೆಂದು ಸದ್ದಾಗುವುದು. ದಿಬ್ಬ ಬಂದರಂತೂ ಇವರು ಇಳಿದು ತಳ್ಳಬೇಕು. ಒಂದು ಸಂಜೆ ಚಂದಕವಾಡಿಯಿಂದ ಅರ್ಧ ದಾರಿ ತಳ್ಳಿಕೊಂಡೇ ಬಂದರು. ಅಂಗಿಯಿಂದ ನೀರು ಹಿಂಡುತ್ತ, "ಪೆಟ್ರೋಲಿಗೆ ನೀರು ಸೇರಿದೆ ಅನ್ಸುತ್ತೆ" ಎಂದರು.

ಮಾರನೆಯ ದಿನ ಟ್ಯಾಂಕನ್ನು ಪೂರಾ ಖಾಲಿ ಮಾಡಿ, ನನ್ನಿಂದ ಒಂದು ತೆಳು ಬಟ್ಟೆ ಕೇಳಿ ಪಡೆದು ಪೆಟ್ರೋಲನ್ನು ಸೋಸಿ ತುಂಬಿದರು. ಗಾಡಿ ಚೆನ್ನಾಗಿ ಓಡಿತು. ಇನ್ನೊಂದು ಮಳೆ ಬಂತು, ಮತ್ತೆ ಕೆಮ್ಮು. ಈ ಸಲ ಕಾರ್ಬೊರೇಟರ್ ಬಿಚ್ಚಿ, ಅದರ ಸಣ್ಣ ಸಣ್ಣ ತೂತುಗಳನ್ನೆಲ್ಲ ಊದಿ, ತೊಳೆದು, ಒಣಗಿಸಿ ಜೋಡಿಸಿದರು. ಮತ್ತೆ ಚೆನ್ನಾಗಿ ಓಡಿತು. ಮುಂದಿನ ಮಳೆಗೆ ಮತ್ತೆ ಅದೇ ಕತೆ. ಆಮೇಲೆ ಮೈಸೂರಿನಿಂದ ಹೊಸ ಪ್ಲಗ್ಗು ತರಿಸಿ ಹಾಕಿದರು. ಗಾಡಿ ಹೊಸದರ ಹಾಗೆ ಓಡಿತು. ಇನ್ನು ಕಾಟ ತಪ್ಪಿತು ಎಂದು ಇವರು ನೆಮ್ಮದಿಯಾಗಿದ್ದರು.

ಅಷ್ಟರಲ್ಲಿ ಗುಂಡ್ಲುಪೇಟೆಯಲ್ಲಿದ್ದ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಭಾವನವರು ಅರಣ್ಯ ಇಲಾಖೆಯವರು. ಅವರಿಗೆ ಬಂಡೀಪುರದಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಅಮ್ಮನಿಗೆ ಜ್ವರ ಬಂದು ಬಾಣಂತನಕ್ಕೆ ಬರಲು ಆಗಲಿಲ್ಲ. ನಾನು ಹೋಗಬೇಕಾಯಿತು. ಬಸ್ಸಿಗೆ ಹೋಗುತ್ತೇನೆ ಎಂದುಕೊಂಡು ಬಟ್ಟೆ ಕಟ್ಟುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು ಹೇಳಿದರು:

"ನಾಳೆ ನಾನೂ ಆ ಕಡೆಗೇ ಮೊಟ್ಟೆ ತಗೊಂಡು ಹೋಗ್ಬೇಕು. ಜೊತೆಗೇ ಬಾ. ಬುಟ್ಟಿ ಹಿಡ್ಕೊಳ್ಳೋಕೆ ಒಬ್ಬರಿದ್ದರೆ ನನಗೂ ಅನುಕೂಲ."

ಅದು ಇವರು ನನ್ನನ್ನು ಕರೆದ ಮೊದಲ ಪ್ರಯಾಣ. ಬುಟ್ಟಿ ಹಿಡಿದುಕೊಳ್ಳಲು ಕರೆದರೂ ಕರೆದರಲ್ಲ ಎಂದು ನನಗೆ ಖುಷಿಯಾಯಿತು.

ರೇಷ್ಮೆ ಮೊಟ್ಟೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಅವು ಸಾಸಿವೆಗಿಂತ ಚಿಕ್ಕವು. ಚಿಟ್ಟೆ ಅವನ್ನು ಕಾಗದದ ಹಾಳೆಗೆ ಅಂಟುವಂತೆ ಇಟ್ಟಿರುತ್ತದೆ. ಮೊದಲು ತಿಳಿಹಳದಿ ಬಣ್ಣ. ಒಡೆಯುವ ಹಿಂದಿನ ದಿನ ನೀಲಿಗೆ ತಿರುಗುತ್ತವೆ. ಮರಿ ಹೊರಬಂದ ಕೂಡಲೇ ಅವಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪು ಸಿಗಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ. ಆ ಬೆಳಿಗ್ಗೆ ಬಿದಿರ ಬುಟ್ಟಿಯಲ್ಲಿದ್ದ ಹಾಳೆಗಳು ಆಗಲೇ ನೀಲಿಯಾಗಿದ್ದವು. ಸಂಜೆಯೊಳಗೆ ಗುಂಡ್ಲುಪೇಟೆಯ ಆಚೆಯ ರೈತರ ಮನೆಗಳಿಗೆ ಅವು ಸೇರಲೇಬೇಕಿತ್ತು. ಬುಟ್ಟಿಗೆ ತೆಳುಬಟ್ಟೆ ಮುಚ್ಚಿ, ಮೇಲೆ ಮಳೆಗೆಂದು ಮೇಣದ ಬಟ್ಟೆ ಹೊದಿಸಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಹಿಂದೆ ಕೂತೆ.

ಊರು ಬಿಡುವಾಗ ಮೋಡವಿತ್ತು, ಮಳೆಯಿರಲಿಲ್ಲ. ಚಿತ್ತೆ ಮಳೆಯ ಕಾಲ. ಎರಡೂ ಕಡೆ ರಾಗಿ ತೆನೆ ಬಿಟ್ಟಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಮಳೆ ಇಳಿಯಿತು. ಇವರು ನಿಲ್ಲಿಸದೆ ಹೋದರು. ತೆರಕಣಾಂಬಿ ಇನ್ನೂ ದೂರವಿರುವಾಗ ಒಂದು ಹಳ್ಳ ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ನೀರು ಹೆಚ್ಚಿರಲಿಲ್ಲ. ಗಾಡಿ ದಾಟಿತು, ಆದರೆ ಮುಂದಿನ ಚಕ್ರ ಎರಚಿದ ನೀರು ನನ್ನ ಮೊಣಕಾಲವರೆಗೂ ಹಾರಿತು. ಹಳ್ಳದಾಚೆ ದಿಬ್ಬ. ದಿಬ್ಬದ ಬುಡದಲ್ಲಿ ಗಾಡಿ ಒಂದು ಸಲ ಕೆಮ್ಮಿತು. ಇವರ ಬೆನ್ನು ಬಿಗಿಯಾದದ್ದು ನನಗೆ ಗೊತ್ತಾಯಿತು. ಇನ್ನೂ ನಾಲ್ಕು ಸಲ ಕೆಮ್ಮಿ, ಒಂದು ಸಲ ಪಟಾರೆಂದು ಸಿಡಿದು, ದಿಬ್ಬದ ನಡುವೆ ನಿಂತುಹೋಯಿತು.

ನಾನು ಬುಟ್ಟಿ ಅವುಚಿಕೊಂಡು ನಡೆದೆ. ಇವರು ತಳ್ಳಿಕೊಂಡು ಬಂದರು. ದಿಬ್ಬದ ಮೇಲೆ ಒಂದು ಊರು. ಊರ ಮೊದಲನೆಯ ಹೆಂಚಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತೆಳ್ಳಗೆ ನೆಟ್ಟಗಿದ್ದ ಹೆಂಗಸು.

"ಮಳೇಲಿ ಯಾಕ್ ನಿಂತೀರಿ, ಬನ್ನಿ ಒಳೀಕೆ," ಎಂದು ಕರೆದರು. "ಆ ಬುಟ್ಟೀಲಿ ಏನವ್ವ ಅದು, ಅಂಗೆ ಮಗೀನ ಇಟ್ಕೊಂಡಂಗೆ ಇಟ್ಕೊಂಡಿದ್ದೀಯ?"

"ರೇಷ್ಮೆ ಮೊಟ್ಟೆ ಅಜ್ಜಿ," ಎಂದೆ.

ಅಷ್ಟು ಹೇಳಿದ್ದೇ ತಡ, ಅಜ್ಜಿ ಕೈ ತೊಳೆದು ಬಂದರು. ನನಗಿಂತ ಮೊದಲು ಬುಟ್ಟಿಯನ್ನು ಒಳಗೆ ಬರಮಾಡಿಕೊಂಡರು. ಮೇಣದ ಬಟ್ಟೆ ತೆಗೆದು, ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ನೀಲಿಯಾಗೋಗವೆ. ನಾಳೆ ಒತ್ತಾರೆ ಒಡೀತವೆ ಇವು."

"ಅದಕ್ಕೇ ಅಜ್ಜಿ ಭಯ," ಎಂದರು ನಮ್ಮವರು. ಇವರ ಅಂಗಿ ಮೈಗೆ ಅಂಟಿಕೊಂಡಿತ್ತು. "ಗುಂಡ್ಲುಪೇಟೆ ದಾಟಿ ಹೋಗ್ಬೇಕಿತ್ತು. ಗಾಡಿ ಕೈ ಕೊಡ್ತು."

ಅಜ್ಜಿಯ ಮಗ ಒಳಗಿಂದ ಬಂದರು. ನಲವತ್ತು ದಾಟಿದ ಗಟ್ಟಿ ಆಳು, ತಲೆಯ ಮೇಲೆ ಕಂಬಳಿ. ಆ ಮನೆಯಲ್ಲೂ ಹುಳು ಸಾಕುತ್ತಿದ್ದರು. ನಾಲ್ಕನೇ ಜ್ವರ ಕಳೆದು ಎದ್ದ ಹುಳುಗಳು ಒಳಮನೆಯ ತಟ್ಟೆಗಳಲ್ಲಿ ಸೊಪ್ಪು ತಿನ್ನುತ್ತಿದ್ದವು. ಹೊರಗಿನ ಮಳೆಯ ಸದ್ದು ಯಾವುದು, ಹುಳು ತಿನ್ನುವ ಸದ್ದು ಯಾವುದು ಎಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ. ಹುಳು ಬೆಳೆಯುವಾಗ ಒಂದೊಂದು ಸಲ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಅಂದೇ.

"ಗಾಡಿ ಕಟ್ಟಲಾ ಸ್ವಾಮಿ?" ಎಂದು ಮಗ ಕೇಳಿದರು. "ಎತ್ತಿನ ಗಾಡಿ ಮೆಲ್ಲಗೆ ಓಯ್ತದೆ, ಆದ್ರೆ ಮಳೇಗೆ ಎದರಾಕಿಲ್ಲ."

ಎತ್ತಿನ ಗಾಡಿಯಲ್ಲಿ ಹೋದರೆ ಆ ಹೊತ್ತಿಗೆ ತಲುಪುವುದು ಆಗದ ಮಾತು. ಇವರು ರಸ್ತೆಯ ಕಡೆ ನೋಡಿದರು. ಆಗ ಅಜ್ಜಿ ಹೇಳಿದ ಮಾತನ್ನು ನಾನು ಈಗಲೂ ನೆನೆಯುತ್ತೇನೆ.

"ಇವತ್ತು ಓಗಾಕ್ ಆಗ್ದಿದ್ರೂ ಚಿಂತೆ ಮಾಡ್ಬ್ಯಾಡಿ. ನಮ್ ತೋಟ್ದಲ್ಲಿ ಎಳೆ ಸೊಪ್ಪದೆ. ಇಲ್ಲೇ ಒಡುದ್ರೂ ಸಾಯಾಕ್ ಬುಡಕಿಲ್ಲ. ನಾಕು ದಿನ ನಾನೇ ಸಾಕಿ ಕೊಡ್ತೀನಿ. ಮೊದ್ಲು ತಲೆ ಒರಸ್ಕೊಳಿ."

ಇವರ ಮುಖದ ಬಿಗುವು ಸಡಿಲವಾಯಿತು. ಅಜ್ಜಿ ಕೊಟ್ಟ ಪಂಚೆಯಲ್ಲಿ ತಲೆ ಒರೆಸಿಕೊಂಡು ಜಗಲಿಯ ಮೇಲೆ ಕೂತರು. ಅವಸರ ಹೋದ ಮೇಲೆಯೇ ಇವರ ಬುದ್ಧಿ ಗಾಡಿಯ ಕಡೆ ತಿರುಗಿತು.

ಅಷ್ಟರಲ್ಲಿ ಊರಿನ ನಾಲ್ಕಾರು ಜನ ಬಂದು ಗಾಡಿಯ ಸುತ್ತ ನಿಂತಿದ್ದರು. ಒಬ್ಬರು ಎಣ್ಣೆಗೆ ನೀರು ಬಿದ್ದಿದೆ ಎಂದರು. ಒಂದು ಕಾಲದಲ್ಲಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ ಎಂದು ಹೇಳಿಕೊಂಡ ಇನ್ನೊಬ್ಬರು ಮ್ಯಾಗ್ನೆಟೊ ಸುಟ್ಟಿದೆ, ಮೈಸೂರಿಗೇ ಹೋಗಬೇಕು ಎಂದರು. ಇವರು ಎಲ್ಲರ ಮಾತೂ ಕೇಳಿದರು. ಕೇಳಿ, ನನ್ನ ಕಡೆ ತಿರುಗಿದರು.

"ನೀನು ಹಿಂದೆ ಕೂತಿದ್ದೆಯಲ್ಲ. ಯಾವಾಗ ಕೆಮ್ಮೋಕೆ ಶುರುವಾಯ್ತು ಹೇಳು ನೋಡೋಣ."

ಅಷ್ಟು ಜನರ ಮುಂದೆ ನನ್ನನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದೆ.

"ಹಳ್ಳದ ನೀರು ಹಾರಿದ ಮೇಲೆ. ಮಳೆ ಶುರುವಾದಾಗಲೂ ಸರಿಯಾಗೇ ಇತ್ತು. ದಿಬ್ಬ ಹತ್ತೋವಾಗ ಜಾಸ್ತಿ ಆಯ್ತು."

"ಹೂಂ. ಮತ್ತೆ?"

"ನೀವು ರಿಪೇರಿ ಮಾಡಿದ ದಿನಗಳಲ್ಲೆಲ್ಲ ಬಿಸಿಲಿತ್ತು."

"ಅಂದರೆ?"

"ಪೆಟ್ರೋಲ್ ಸೋಸಿದ್ರಲ್ಲ, ಅವತ್ತು ಬಿಸಿಲು. ಕಾರ್ಬೊರೇಟರ್ ತೊಳೆದ ದಿನ ಕಂಬಳಿ ಒಗೆದು ಹಾಕಿದ್ದೆ, ಮಧ್ಯಾಹ್ನಕ್ಕೇ ಒಣಗಿತ್ತು. ಪ್ಲಗ್ಗು ಹಾಕಿದ ದಿನವೂ ಹಪ್ಪಳ ಒಣಗಿಸಿದ್ದೆ. ನೀವು ಏನು ಮಾಡಿದ್ರೂ ಸರಿಹೋಗ್ತಿತ್ತು. ಏನೂ ಮಾಡದೇ ಇದ್ದಿದ್ರೂ ಸರಿಹೋಗ್ತಿತ್ತೇನೋ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ನನ್ನನ್ನೇ ನೋಡುತ್ತಿದ್ದರು. ಸಿಟ್ಟೋ ಎಂದುಕೊಂಡರೆ ಸಿಟ್ಟಲ್ಲ. ಆಮೇಲೆ ನಕ್ಕರು. ಇವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸರಿಯಾಗಿ ಹೇಳಿದೆ," ಎಂದರು. "ಗಾಡಿ ತಾನಾಗೇ ಒಣಗ್ತಿತ್ತು. ನಾನು ನನ್ನ ಕೈಗುಣ ಅಂದ್ಕೊಂಡಿದ್ದೆ."

ಆಮೇಲೆ ಅಜ್ಜಿಯ ಮಗನಿಗೂ ನನಗೂ ಬಿಡಿಸಿ ಹೇಳಿದರು. ಪೆಟ್ರೋಲಿನಲ್ಲಿ ನೀರಿದ್ದರೆ ಗಾಡಿ ನಿಂತಲ್ಲೂ ಕೆಮ್ಮಬೇಕು, ಬಿಸಿಲಿದ್ದರೂ ಕೆಮ್ಮಬೇಕು. ಇದು ಹಾಗಲ್ಲ. ಒದ್ದೆಯಾದರೆ ಮಾತ್ರ, ಅದೂ ಭಾರ ಬಿದ್ದಾಗ ಜಾಸ್ತಿ. ಮ್ಯಾಗ್ನೆಟೊದಲ್ಲಿ ಹುಟ್ಟುವ ಕರೆಂಟು ವೈರಿನಲ್ಲಿ ಹರಿದು ಪ್ಲಗ್ಗಿಗೆ ಬಂದು ಕಿಡಿ ಹಾರಿಸಬೇಕು. ದಾರಿಯಲ್ಲಿ ಎಲ್ಲೋ ಒದ್ದೆ ಸಿಕ್ಕಿ ಅದು ಹೊರಕ್ಕೆ ಸೋರುತ್ತಿದೆ. ಎಲ್ಲಿ ಅನ್ನುವುದನ್ನು ಕಂಡುಹಿಡಿಯಬೇಕು.

"ಸೋರೋ ಕಡೆ ಸಣ್ಣ ಕಿಡಿ ಕಾಣುತ್ತೆ. ಬೆಳಕಲ್ಲಿ ಕಾಣಲ್ಲ, ಕತ್ತಲೆ ಬೇಕು," ಎಂದರು.

"ಒಳಮನೆ ಕತ್ಲಾಗದೆ, ಅಲ್ಲೇ ತನ್ನಿ," ಎಂದರು ಮಗ.

"ಬೇಡ ಬೇಡ. ಪೆಟ್ರೋಲ್ ವಾಸನೆ ಹುಳುಗೆ ಆಗಲ್ಲ. ನನ್ನ ಗಾಡಿಗೋಸ್ಕರ ನಿಮ್ಮ ಬೆಳೆ ಹಾಳಾಗ್ಬಾರದು."

ಅಂಗಳದ ಆಚೆ ಮಣ್ಣಿನ ಗೋಡೆಯ ಕೊಟ್ಟಿಗೆಯಿತ್ತು. ಒಂದೇ ಬಾಗಿಲು, ಕಿಟಕಿಯಿಲ್ಲ. ಅದರ ತುಂಬ ಜೋಡಿ ಎತ್ತು, ಒಂದು ಹಸು. ಅಜ್ಜಿ ಮಗನ ಕಡೆ ತಿರುಗಿ ಹೇಳಿದರು:

"ಎತ್ತ ಒರಗಡೆ ಕಟ್ಲಾ."

"ಮಳೆ ಉಯ್ತಾ ಅದೆ ಅವ್ವ."

"ಗೋಣಿತಾಟು ಒದಿಸ್ಬುಟ್ಟು ಉಣ್ಸೆ ಮರದಡೀಲಿ ಕಟ್ಟು. ವಸಿ ನೆಂದ್ರೆ ಕರಗೋಗಾಕಿಲ್ಲ. ಆ ಮೊಟ್ಟೆ ಕಾಯ್ಕೊಂಡು ಅತ್ಲಾಗೆ ಎಷ್ಟು ಮನೆಯೋರು ಕುಂತವ್ರೋ."

ಮಗ ಕೊಟ್ಟಿಗೆಗೆ ಹೋದರು. ಬೆನ್ನಿಗೆ ಗೋಣಿತಾಟು ಹೊದಿಸಿ ಮೂರು ದನಗಳನ್ನೂ ಹುಣಸೆ ಮರದಡಿಗೆ ಕರೆದುಕೊಂಡು ಹೋದರು. ಯಾರೋ ದಾರಿಹೋಕರ ಕಬ್ಬಿಣದ ಗಾಡಿಯನ್ನು ಒಳಗೆ ನಿಲ್ಲಿಸುವುದಕ್ಕೆ ಮನೆಯ ಎತ್ತುಗಳನ್ನು ಮಳೆಗೆ ಬಿಟ್ಟ ಆ ಮನೆಯವರನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಎದೆ ತುಂಬಿ ಬರುತ್ತದೆ. ಎತ್ತು ಎಂದರೆ ಅವರಿಗೆ ಏನು ಎನ್ನುವುದು ಆಗ ನನಗೆ ಅಷ್ಟಾಗಿ ಗೊತ್ತಿರಲಿಲ್ಲ.

ಗಾಡಿಯನ್ನು ಕೊಟ್ಟಿಗೆಗೆ ತಳ್ಳಿದರು. ಮಗ ಬಾಗಿಲಿಗೆ ಕಂಬಳಿ ಅಡ್ಡ ಹಿಡಿದು ಕತ್ತಲೆ ಮಾಡಿದರು. ಇವರು ನನ್ನ ಕೈಗೆ ಒಂದು ಚೊಂಬು ನೀರು ಕೊಟ್ಟರು.

"ನಾನು ಗಾಡಿ ಸ್ಟಾರ್ಟ್ ಮಾಡಿ ಹಿಡ್ಕೋತೀನಿ. ನೀನು ಆ ಪಕ್ಕ ಕೂತ್ಕೋ. ಮುಟ್ಟಬೇಡ, ಶಾಕ್ ಹೊಡೆಯುತ್ತೆ. ನಾನು ಹೇಳಿದ ಕಡೆ ಬೆರಳಲ್ಲಿ ನೀರು ಚಿಮುಕಿಸು, ಅಷ್ಟೇ."

ಇಷ್ಟು ಹೊತ್ತಿಗೆ ಇಂಜಿನ್ ಬಿಸಿಗೆ ಗಾಡಿ ತುಸು ಒಣಗಿತ್ತೇನೋ, ಮೂರು ನಾಲ್ಕು ಕಿಕ್ಕಿಗೆ ಹಿಡಿದುಕೊಂಡಿತು. ಆ ಚಿಕ್ಕ ಕೊಟ್ಟಿಗೆಯಲ್ಲಿ ಅದರ ಸದ್ದು ಗುಡುಗಿನಂತಿತ್ತು. ಸಗಣಿ, ಹುಲ್ಲು, ಹೊಗೆ ಎಲ್ಲ ಸೇರಿದ ವಾಸನೆ. ನಾನು ಕುಕ್ಕರುಗಾಲಲ್ಲಿ ಕೂತು ಪ್ಲಗ್ಗಿನ ಮೇಲೆ ನೀರು ಚಿಮುಕಿಸಿದೆ. ಏನೂ ಆಗಲಿಲ್ಲ. ಮ್ಯಾಗ್ನೆಟೊದ ಮುಚ್ಚಳದ ಮೇಲೆ ಚಿಮುಕಿಸಿದೆ. ಗಾಡಿ ಹಾಗೆಯೇ ಓಡುತ್ತಿತ್ತು. "ಟ್ಯಾಂಕಿನ ಅಡಿ, ವೈರಿನ ಮೇಲೆ," ಎಂದು ಇವರು ಕೂಗಿದರು. ಕೈ ಒಳಗೆ ಚಾಚದೆ ಬೆರಳು ಝಾಡಿಸಿದೆ.

ತಟ್ಟನೆ ಗಾಡಿ ಮುಗ್ಗರಿಸಿತು. ಟ್ಯಾಂಕಿನ ಅಡಿಯ ಕತ್ತಲೆಯಲ್ಲಿ ಒಂದು ಸಣ್ಣ ನೀಲಿ ಕಿಡಿ ಚಿಟಚಿಟ ಎಂದು ವೈರಿನಿಂದ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಸಾಸಿವೆ ಸಿಡಿದ ಹಾಗೆ.

"ಇಲ್ಲಿ! ಇಲ್ಲಿ ನೋಡಿ ಬನ್ನಿ."

ಇವರು ಈ ಪಕ್ಕಕ್ಕೆ ಬಗ್ಗಿ ನೋಡಿದರು. ಅಜ್ಜಿಯ ಮಗನೂ ಕಂಬಳಿ ಬಿಟ್ಟು ಬಂದರು, ಬೆಳಕು ನುಗ್ಗಿ ಕಿಡಿ ಕಾಣದಾಯಿತು. ಮತ್ತೆ ಕಂಬಳಿ ಹಿಡಿದು, ಮತ್ತೆ ನೀರು ಚಿಮುಕಿಸಿ, ಸರದಿಯ ಮೇಲೆ ಎಲ್ಲರೂ ನೋಡಿದೆವು. ಬಸ್ ಕ್ಲೀನರ್ ಆಗಿದ್ದವರೂ ನೋಡಿ, "ಮ್ಯಾಗ್ನೆಟೊ ಅಲ್ಲ, ವೈರು ಕಣ್ಲಾ," ಎಂದು ಹೊರಗೆ ನಿಂತವರಿಗೆ ತಿಳಿಸಿದರು.

ಇಂಜಿನ್ ನಿಲ್ಲಿಸಿ ವೈರನ್ನು ಬಿಚ್ಚಿ ಹೊರಗೆ ತಂದರು. ಮೇಲಿನಿಂದ ನೋಡಿದರೆ ಅದು ನೆಟ್ಟಗೇ ಇತ್ತು. ತಿರುಗಿಸಿ ನೋಡಿದಾಗ ಟ್ಯಾಂಕಿಗೂ ಕಬ್ಬಿಣದ ಕೊಳವೆಗೂ ನಡುವೆ ಉಜ್ಜಿ ಉಜ್ಜಿ ಅದರ ರಬ್ಬರು ಸವೆದಿತ್ತು. ಸವೆದ ಕಡೆ ಕೂದಲೆಳೆಯಷ್ಟು ಬಿರುಕು. ಇಷ್ಟು ತಿಂಗಳು ಇವರನ್ನು ಮಳೆಯಲ್ಲಿ ತಳ್ಳಿಸಿದ್ದು ಆ ಬಿರುಕು.

ಅಜ್ಜಿ ವೈರನ್ನು ಒಲೆಯ ಮುಂದೆ ಹಿಡಿದು ಬೆಚ್ಚಗೆ ಒಣಗಿಸಿ ಕೊಟ್ಟರು. ಇವರ ಚೀಲದಲ್ಲಿ ಪಂಕ್ಚರಿಗೆಂದು ಇಟ್ಟಿದ್ದ ಟ್ಯೂಬಿನ ತುಂಡಿತ್ತು. ಅದನ್ನು ಪಟ್ಟಿಯಾಗಿ ಕತ್ತರಿಸಿ ಬಿರುಕಿನ ಮೇಲೆ ಬಿಗಿಯಾಗಿ ಸುತ್ತಿದರು. ಅದು ಬಿಚ್ಚಿಕೊಳ್ಳದ ಹಾಗೆ ಕಟ್ಟಲು ಒಂದು ದಾರ ಬೇಕೆಂದರು.

"ಹತ್ತಿ ದಾರ ಬೇಡ ಅಜ್ಜಿ, ನೀರು ಕುಡಿಯುತ್ತೆ. ರೇಷ್ಮೆ ದಾರ ಇದ್ದರೆ ಒಳ್ಳೇದು. ರೇಷ್ಮೇಲಿ ಕರೆಂಟು ಹರಿಯಲ್ಲ."

ಅಜ್ಜಿ ಒಳಗೆ ಹೋಗಿ ಒಂದು ಸಣ್ಣ ಉಂಡೆ ತಂದರು. ತೂತುಬಿದ್ದು ಮಾರಾಟಕ್ಕೆ ಬಾರದ ಗೂಡುಗಳಿಂದ ಅವರೇ ಕೈಯಲ್ಲಿ ನೂತ ದಾರ. ಹೊಳಪು ಕಡಿಮೆ, ಆದರೆ ಗಟ್ಟಿ.

"ಏನಕ್ಕೆ ಇಟ್ಟಿದ್ರಿ ಇದನ್ನ?" ಎಂದು ಇವರು ಕೇಳಿದರು.

"ಶಿವದಾರಕ್ಕೆ ಅಂತ ನೂತಿದ್ದೆ," ಎಂದರು. ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ಇವರು ಕೈ ಹಿಂದಕ್ಕೆ ತೆಗೆದುಕೊಂಡರು.

"ತಗೊಳಪ್ಪ. ಇನ್ನೊಂದ್ ನೂಲ್ತೀನಿ ಬುಡು. ಗೂಡಿಗೇನು ಬರವಾ ನಮ್ಮನೇಲಿ?"

ಇವರು ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡರು. ದಾರವನ್ನು ಸಾಲಾಗಿ, ಒಂದರ ಪಕ್ಕ ಒಂದು ಬರುವಂತೆ ಸುತ್ತಿದರು. ಮೇಲೆ ನೀರು ಇಳಿಯದ ಹಾಗೆ ಏನಾದರೂ ಹಚ್ಚಬೇಕಿತ್ತು. ಆಗ ನನಗೆ ನನ್ನ ಗಂಟಿನಲ್ಲಿದ್ದ ಮೇಣದ ಡಬ್ಬಿ ನೆನಪಾಯಿತು. ಆಗ ನಾವೆಲ್ಲ ಹಣೆಗೆ ಮೊದಲು ಸ್ವಲ್ಪ ಜೇನುಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದೆವು. ಡಬ್ಬಿ ತೆಗೆದು ಕೊಟ್ಟೆ. ಇವರು ನನ್ನ ಹಣೆ ನೋಡಿ, ಡಬ್ಬಿ ನೋಡಿ, "ನಿನಗೆ?" ಎಂದರು.

"ಅಕ್ಕನ ಹತ್ತಿರ ಇರುತ್ತೆ," ಎಂದೆ.

ಮೇಣವನ್ನು ಒಲೆಯ ಬಿಸಿಗೆ ಕರಗಿಸಿ ದಾರದ ಮೇಲೆಲ್ಲ ಸವರಿದರು. ಆರಿದ ಮೇಲೆ ವೈರನ್ನು ಮತ್ತೆ ಜೋಡಿಸಿ, ಈ ಸಲ ಟ್ಯಾಂಕಿಗೆ ಉಜ್ಜದ ಹಾಗೆ ಸ್ವಲ್ಪ ಕೆಳಗೆ ತಂದು ಕಟ್ಟಿದರು. ಕೊಟ್ಟಿಗೆಯಲ್ಲಿ ಮತ್ತೆ ಕತ್ತಲೆ ಮಾಡಿ ಗಾಡಿ ಹಚ್ಚಿದರು. ನಾನು ಚೊಂಬಿನಲ್ಲಿದ್ದ ನೀರನ್ನೆಲ್ಲ ಅದರ ಮೇಲೆ ಚಿಮುಕಿಸಿದೆ. ಕಿಡಿ ಇಲ್ಲ. ಗಾಡಿ ಒಂದೇ ಸಮನೆ ಓಡುತ್ತಿತ್ತು.

"ಇನ್ನು ಎತ್ತು ಒಳಕ್ಕೆ ತನ್ನಿ," ಎಂದರು ಇವರು. ಅದೇ ಇವರ ಮೊದಲ ಮಾತು.

ದನಗಳನ್ನು ಒಳಗೆ ತಂದಾಗ ಇವರೂ ಅಜ್ಜಿಯ ಮಗನೂ ಒಣಹುಲ್ಲು ಹಿಡಿದು ಅವುಗಳ ಮೈ ತಿಕ್ಕಿದರು. ಹೊರಡುತ್ತೇವೆ ಎಂದರೆ ಅಜ್ಜಿ ಬಿಡಲಿಲ್ಲ. ಮುದ್ದೆ, ಸೊಪ್ಪು ಅಲಸಂದೆಯ ಉಪ್ಸಾರು, ಮೇಲೆ ಖಾರ. ಹಸಿದು ಮೈ ತಣ್ಣಗಾಗಿದ್ದ ನಮಗೆ ಆ ಬಿಸಿ ಊಟ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಾನು ಉಣ್ಣುವಷ್ಟು ಹೊತ್ತೂ ಅಜ್ಜಿ ಮೊಟ್ಟೆಯ ಬುಟ್ಟಿಯನ್ನು ತಮ್ಮ ಪಕ್ಕದಲ್ಲೇ ಇಟ್ಟುಕೊಂಡು, ಹಾಳೆಗೆ ಗಾಳಿಯಾಡುವಂತೆ ಬಟ್ಟೆ ಸಡಿಲಿಸಿ ಕೂತಿದ್ದರು. ಹೊರಡುವಾಗ ನನ್ನ ತೊಡೆಯ ಮೇಲೆ ಅವರೇ ಇಟ್ಟು, "ಉಷಾರಾಗಿ ಇಡ್ಕೊ ಕಣವ್ವ," ಎಂದರು.

ಮಳೆ ಇನ್ನೂ ಹನಿಯುತ್ತಿತ್ತು. ರಸ್ತೆಯಲ್ಲಿ ನೀರು ನಿಂತ ಗುಂಡಿಗಳು. ಮೊದಲ ಗುಂಡಿ ಬಂದಾಗ ನಾನು ಉಸಿರು ಬಿಗಿಹಿಡಿದೆ. ಗಾಡಿ ದಾಟಿತು. ಎರಡನೆಯದೂ ದಾಟಿತು. ಮುಂದೆ ಇವರು ಬೇಕೆಂದೇ ಗುಂಡಿಗಳ ಮೇಲೆ ಹೋಗುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಕೇಳಿದರೆ, "ಪರೀಕ್ಷೆ ಮಾಡ್ತಿದ್ದೀನಿ," ಎಂದರು. ತೆರಕಣಾಂಬಿ ದಾಟಿದ ಮೇಲೆ ಇವರು ಮಾತಾಡಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ತಾವು ಚಿಕ್ಕಂದಿನಲ್ಲಿ ಹುಳು ಸಾಕಿದ್ದು, ಕಾಲೇಜಿಗೆ ಸೇರಲಾಗದೆ ಈ ಕೆಲಸಕ್ಕೆ ಬಂದದ್ದು, ಮನೆಗೆ ಬಂದು ನನ್ನ ಹತ್ತಿರ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿ, ಬಾಗಿಲಿಗೆ ಬಂದ ಮೇಲೆ ಮರೆತುಹೋಗುತ್ತಿದ್ದದ್ದು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಕೇಳಿಸಿದಷ್ಟು ನನಗೆ ಸಾಕಾಗಿತ್ತು. ಮೋಡ ಸರಿದು ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಕಂಡಾಗ ಗಾಡಿ ನಿಲ್ಲಿಸಿ ನನಗೆ ತೋರಿಸಿದರು.

ದೀಪ ಹಚ್ಚುವುದಕ್ಕೆ ಮೊದಲೇ ಗುಂಡ್ಲುಪೇಟೆ ಸೇರಿದೆವು. ನನ್ನನ್ನು ಅಕ್ಕನ ಮನೆ ಬಾಗಿಲಲ್ಲಿ ಇಳಿಸಿ, ಕಾಫಿಗೂ ನಿಲ್ಲದೆ ಬುಟ್ಟಿ ಕಟ್ಟಿಕೊಂಡು ಹೊರಟರು. ಮಾರನೆಯ ದಿನ ಚಾಮರಾಜನಗರಕ್ಕೆ ಹಿಂದಿರುಗುವಾಗ ಬಂದು, ಬಾಗಿಲಲ್ಲೇ ನಿಂತು, "ಎಲ್ಲಾ ಹಾಳೇನೂ ಚೆನ್ನಾಗಿ ಒಡೆದಿದೆ. ಮರಿ ಸೊಪ್ಪು ಹಿಡಿದಿವೆ," ಎಂದರು. ಮಗುವನ್ನು ನೋಡಿ, ಅಕ್ಕನನ್ನು ಮಾತಾಡಿಸಿ ಹೋದರು. ಅವರು ಹೋದ ಮೇಲೆ ಅಕ್ಕ, "ನಿನ್ನ ಗಂಡ ಮಾತಾಡಲ್ಲ ಅಂತ ಬರೀತಿದ್ದೆಯಲ್ಲೇ?" ಎಂದಳು. ನಾನು ಮಗುವಿನ ಬಟ್ಟೆ ಮಡಿಸತೊಡಗಿದೆ.

ಹತ್ತು ದಿನ ಕಳೆದು ಅಮ್ಮ ಬಂದಳು. ಇವರು ನನ್ನನ್ನು ಕರೆದೊಯ್ಯಲು ಬಂದರು. ಬರುವಾಗ ಅಜ್ಜಿಯ ಮನೆಗೆ ಹೋಗಿಯೇ ಹೋಗಬೇಕೆಂದು ಇಬ್ಬರೂ ಮಾತಾಡಿಕೊಂಡೆವು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಒಂದು ಮಾರು ಹೂವು ಕೊಂಡೆವು. ಏನು ಹೇಳಬೇಕೆಂದು ನಾನು ದಾರಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡೆ. ನೀವು ಅಂದು ಬಾಗಿಲು ತೆರೆಯದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಶುರುಮಾಡಿ, ಕಾಲಿಗೆ ನಮಸ್ಕಾರ ಮಾಡಿ, ಹೀಗೆ.

ಹೋದಾಗ ಮನೆಯಲ್ಲಿ ಉಸಿರು ಬಿಡಲೂ ಪುರ್ಸೊತ್ತಿರಲಿಲ್ಲ. ಅವರ ಹುಳುಗಳು ಹಣ್ಣಾಗಿದ್ದವು. ಮೈ ಹೊಳೆದು, ಸೊಪ್ಪು ಬಿಟ್ಟು, ಗೂಡು ಕಟ್ಟಲು ತಲೆ ಎತ್ತಿ ಆಡಿಸುತ್ತಿದ್ದವು. ಅಂಥ ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆ ಎನ್ನುವ ಬಿದಿರ ತಟ್ಟಿಯ ಮೇಲೆ ಬಿಡಬೇಕು, ತಡವಾದರೆ ಅಲ್ಲೇ ಸೊಪ್ಪಿನ ಕಸದಲ್ಲಿ ಗೂಡು ಕಟ್ಟಿ ಹಾಳಾಗುತ್ತವೆ. ಮನೆಯವರೆಲ್ಲ ತಟ್ಟೆಗಳ ಮುಂದೆ ಕೂತಿದ್ದರು. ಅಜ್ಜಿ ನನ್ನನ್ನು ನೋಡಿದರು.

"ಬಂದ್ಯಾ? ಕೈ ತೊಳ್ಕೊಂಡ್ ಬಾ. ಉಳ ಅಣ್ಣಾಗವೆ."

ನಾನು ಮೊದಲು ನಮಸ್ಕಾರ ಮಾಡಲು ಬಗ್ಗಿದೆ.

"ಈಗ ಬ್ಯಾಡ ಕಣವ್ವ, ಕೈಲಿ ಉಳ ಅವೆ," ಎಂದರು.

ಹೂವು ಹಣ್ಣುಗಳನ್ನು ದೇವರ ಮುಂದೆ ಇಟ್ಟು, ಕೈ ತೊಳೆದು, ನಾನು ಅಜ್ಜಿಯ ಪಕ್ಕ ಕೂತೆ. ಇವರು ಮಗನ ಜೊತೆ ಚಂದ್ರಿಕೆಗಳನ್ನು ಎತ್ತಿ ಹೊರಗಿನ ನೆರಳಿನಲ್ಲಿ ಒರಗಿಸಲು ಹೋದರು. ಯಾವುದು ಹಣ್ಣಾಗಿದೆ, ಯಾವುದು ಇನ್ನೂ ತಿನ್ನಬೇಕು ಎಂದು ಅಜ್ಜಿ ನನಗೆ ಬೆಳಕಿಗೆ ಹಿಡಿದು ತೋರಿಸಿಕೊಟ್ಟರು. ಹಣ್ಣಾದ ಹುಳು ಮಾಗಿದ ದ್ರಾಕ್ಷಿಯಂತೆ ಬೆಳಕನ್ನು ಒಳಗೆ ಬಿಡುತ್ತಿತ್ತು. ತಣ್ಣಗಿನ, ಮೆತ್ತಗಿನ ಆ ಹುಳುಗಳನ್ನು ಮುಟ್ಟಲು ಮೊದಲು ಮೈ ಜುಮ್ಮೆಂದರೂ ಸ್ವಲ್ಪ ಹೊತ್ತಿಗೆ ಕೈಗೆ ರೂಢಿಯಾಯಿತು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದನ್ನೂ ನಾನು ಆಡಲಿಲ್ಲ. ಅಜ್ಜಿಯೂ ಅಂದಿನ ವಿಷಯ ಎತ್ತಲಿಲ್ಲ. ಅಕ್ಕನ ಮಗು ಹೇಗಿದೆ, ಹಾಲು ಕುಡಿಯುತ್ತದೆಯೇ, ಅಮ್ಮನ ಜ್ವರ ಬಿಟ್ಟಿತೇ ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ನಮಗೆ ಬೇರೆ ಕಡೆಗೆ ವರ್ಗವಾಗುವವರೆಗೂ ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಎದ್ದು ಬಂದಿದ್ದೇವೆ. ಒಂದು ಬೆಳೆಗೂ ಅವರಿಗೆ ಮೊಟ್ಟೆ ತಡವಾಗದಂತೆ ಇವರು ನೋಡಿಕೊಂಡರು. ಅದಕ್ಕಿಂತ ಹೆಚ್ಚಿನದೇನನ್ನೂ ಆ ಮನೆಯವರು ನಮ್ಮಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅಂದು ಅಜ್ಜಿಯ ಪಕ್ಕದಲ್ಲಿ ತಟ್ಟೆಯ ಮುಂದೆ ಕೂತಿದ್ದಾಗ, ಹೊರಗೆ ಇವರು ಯಾವುದೋ ಮಾತಿಗೆ ನಕ್ಕದ್ದು ಕೇಳಿಸಿತು. ಅಜ್ಜಿ ತಲೆಯೆತ್ತದೆ, "ಒಳ್ಳೇ ಮನ್ಸ ಕಣವ್ವ ನಿನ್ ಗಂಡ," ಎಂದರು. "ಹೂಂ ಅಜ್ಜಿ," ಎಂದೆ. ತಟ್ಟೆಯಲ್ಲಿ ಇನ್ನೂ ಬಹಳ ಹುಳುಗಳಿದ್ದವು. ಕತ್ತಲಾಗುವವರೆಗೂ ಆರಿಸಿದೆವು.